ಆಟಕ್ಕೊಂದು ಸಂಬಳ

ನಮ್ಮಲ್ಲಿ ಹೆಣ್ಣುಮಗಳಿಗೆ ಕೆಲಸ ಸಿಕ್ಕಿತೆಂದರೆ ನೆಂಟರು ಮೊದಲು ಕೇಳುವುದು 'ಎಷ್ಟು ಕೊಡ್ತಾರೆ?' ಎಂದಲ್ಲ, 'ಪರ್ಮನೆಂಟಾ?' ಎಂದು. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದವಳಿಗೆ ಆ ಪ್ರಶ್ನೆಯ ತೂಕ ಚೆನ್ನಾಗಿ ಗೊತ್ತು. ತಿಂಗಳ ಕೊನೆಗೆ ತಪ್ಪದೆ ನಾಲ್ಕು ಕಾಸು ಬರುತ್ತದೆಂದರೆ ಮನೆಯಲ್ಲಿ ಹೆಂಗಸಿನ ಮಾತಿಗೊಂದು ಬೆಲೆ. ಕ್ರಿಕೆಟ್ಟನ್ನೂ ನಾನು ನೋಡುವುದು ಈ ಲೆಕ್ಕದಿಂದಲೇ. ಯಾರು ಎಷ್ಟು ರನ್ ಹೊಡೆದರು ಎನ್ನುವುದಕ್ಕಿಂತ ಆಡುವ ಹುಡುಗಿಗೆ ಅನ್ನ ಎಲ್ಲಿಂದ ಬರುತ್ತದೆ ಎನ್ನುವ ಕುತೂಹಲವೇ ನನಗೆ ಹೆಚ್ಚು.

ಶಾಂತಾ ರಂಗಸ್ವಾಮಿಯವರ ವಿಷಯವನ್ನೇ ನೋಡಿ. 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಬೆಂಗಳೂರಿನಲ್ಲೇ ಬೆಳೆದ ಶಾಂತಾ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಅವರು 108 ರನ್ ಹೊಡೆದರು. ಟೆಸ್ಟಿನಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳ ಮೊದಲ ಶತಕ ಅದು. ಇಷ್ಟಾದರೂ ಆ ಕಾಲದ ಹುಡುಗಿಯರ ಪ್ರಯಾಣ ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ, ನಿದ್ದೆ ಡಾರ್ಮಿಟರಿಯ ನೆಲದ ಮೇಲೆ. ಶಾಂತಾ ಅವರಿಗೆ ಸಂಬಳ ಕೊಟ್ಟದ್ದು ಕೆನರಾ ಬ್ಯಾಂಕು. ಅಲ್ಲಿಯೂ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಎರಡು ಉದ್ಯೋಗವನ್ನೂ ಒಬ್ಬರೇ ತೂಗಿಸಿದರು. ಒಂದಕ್ಕೆ ಸಂಬಳ, ಇನ್ನೊಂದಕ್ಕೆ ಚಪ್ಪಾಳೆ.

ಅದೆಲ್ಲ ಹಳೆಯ ಕಾಲ ಎನ್ನಬೇಡಿ. 2017ರ ವಿಶ್ವಕಪ್ಪಿನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಚಚ್ಚಿದರು. ಅದೇ ದಿನ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಬರೀ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆ ದಿನ ನಾನು ಒಲೆಯ ಮೇಲೆ ಹಾಲಿಟ್ಟು ಮರೆತದ್ದನ್ನು ನಮ್ಮ ಮನೆಯವರು ಈಗಲೂ ಎತ್ತಿ ಆಡುತ್ತಾರೆ. ಲಾರ್ಡ್ಸಿನ ಫೈನಲ್ಲಿನಲ್ಲಿ 9 ರನ್ನಿನಿಂದ ಸೋತೆವು. ಮಾರನೆಯ ದಿನದಿಂದ ದೇಶವೆಲ್ಲ ಹೆಣ್ಣುಮಕ್ಕಳನ್ನು ಹೊಗಳಿದ್ದೇ ಹೊಗಳಿದ್ದು. ಆ 15 ಮಂದಿಯಲ್ಲಿ 10 ಮಂದಿ ರೈಲ್ವೆ ನೌಕರರು ಎಂಬುದನ್ನು ಓದಿ ನಾನು ಪೇಪರನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರೈಲ್ವೆ ಇಲ್ಲದಿದ್ದರೆ ಆ ತಂಡದ ಗತಿ ಏನಾಗುತ್ತಿತ್ತೋ!

ನಮ್ಮ ಬಸವೇಶ್ವರನಗರದ ಬೀದಿಯಲ್ಲೂ ಒಬ್ಬಳು ಆಟಗಾರ್ತಿ ಇದ್ದಾಳೆ. ಬೆಳಗಿನ ಐದೂವರೆಗೆ, ಹಾಲಿನವನಿಗಿಂತ ಮೊದಲು, ತನ್ನಷ್ಟೇ ಎತ್ತರದ ಕಿಟ್ ಬ್ಯಾಗನ್ನು ಅಪ್ಪನ ಸ್ಕೂಟರಿನಲ್ಲಿ ಹೇರಿಕೊಂಡು ಹಾವನೂರು ಸರ್ಕಲ್ಲಿನ ಕಡೆ ಹೊರಡುತ್ತಾಳೆ. ಬಿ.ಕಾಂ. ಕೊನೆಯ ವರ್ಷ. ಅವಳ ತಾಯಿ ತರಕಾರಿ ಗಾಡಿಯ ಮುಂದೆ ಹಿಡಿದು ನಿಲ್ಲಿಸಿ ಕೇಳಿದರು: "ಅಕ್ಕಾ, ನೀವು ಬ್ಯಾಂಕಲ್ಲಿ ಇದ್ದೋರು. ಪರೀಕ್ಷೆ ಆದ್ಮೇಲೆ ಇನ್ನೊಂದೆರಡು ವರ್ಷ ಆಡ್ತೀನಿ ಅಂತಾಳೆ. ಇದು ಒಂದು ಕೆಲಸ ಅನ್ನಿಸ್ಕೊಳ್ಳತ್ತಾ?"

ಟೀವಿ ನೋಡುವವರಿಗೆ ಈ ಪ್ರಶ್ನೆಯೇ ತಮಾಷೆ. 2023ರ ಡಬ್ಲ್ಯುಪಿಎಲ್ ಹರಾಜಿನಲ್ಲಿ ಸಾಂಗ್ಲಿಯ ಸ್ಮೃತಿ ಮಂಧಾನಾಗೆ ನಮ್ಮ ಆರ್‌ಸಿಬಿ 3 ಕೋಟಿ 40 ಲಕ್ಷ ಕೊಟ್ಟಿತು. ಬೆಂಗಳೂರಿನ ಶ್ರೇಯಾಂಕಾ ಪಾಟೀಲಳಿಗೆ 10 ಲಕ್ಷ. ಮರುವರ್ಷ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತು ಕಪ್ ತಂದುಕೊಟ್ಟವರಲ್ಲಿ ಅವಳೂ ಒಬ್ಬಳು. 2025ರ ನವೆಂಬರಿನಲ್ಲಿ ವಿಶ್ವಕಪ್ಪೂ ಬಂತು. ಆದರೆ ಹರಾಜಿನಲ್ಲಿ ಹೆಸರು ಕೂಗಿಸಿಕೊಳ್ಳುವವರು ಎಷ್ಟು ಜನ? ಉಳಿದ ಹುಡುಗಿಯರು ರಾಜ್ಯಕ್ಕೆ ಆಡುವವರು. ಅವರಿಗೆ ಮಂಡಳಿ ಕೊಡುವುದು ಪಂದ್ಯದ ಲೆಕ್ಕ, ಆಡಿದ ದಿನದ ಲೆಕ್ಕ. ಹಿರಿಯರ ತಂಡಕ್ಕೆ 2021ರಲ್ಲಿ ಇದು ದಿನಕ್ಕೆ 12,500ರಿಂದ 20,000 ರೂಪಾಯಿ ಆಯಿತು. 2025ರ ಡಿಸೆಂಬರಿನಲ್ಲಿ 50,000ಕ್ಕೆ ಏರಿತು. ಹನ್ನೊಂದರಲ್ಲಿ ಜಾಗ ಸಿಗದೆ ಕೂತವಳಿಗೆ ಅರ್ಧ. ದೊಡ್ಡ ಮೊತ್ತವೇ, ಸಂತೋಷ. ಆದರೂ ಅದು ದಿನಗೂಲಿ. ವರ್ಷದಲ್ಲಿ ಪಂದ್ಯದ ದಿನಗಳನ್ನು ಎಣಿಸಿ, ಉಳಿದ ತಿಂಗಳುಗಳ ಕೋಚಿಂಗು, ಜಿಮ್ಮು, ಮೊಟ್ಟೆ, ಬೂಟು, ಆಟೋ ಖರ್ಚು ಕಳೆಯಿರಿ. ಮೊಣಕಾಲು ತಿರುಚಿಕೊಂಡು ಒಂದು ಸೀಸನ್ ಮನೆಯಲ್ಲಿ ಕೂತರೆ ಸೊನ್ನೆ.

ಈ ಲೆಕ್ಕ ಹಾಕುವಾಗ ನನಗೆ ಇಂಗ್ಲೆಂಡಿನ ಕೌಂಟಿ ಹುಡುಗಿಯರ ನೆನಪಾಗುತ್ತದೆ. ಅಲ್ಲಿಯೂ ಎಲ್ಲ ಮೊದಲಿನಿಂದ ಇತ್ತೆಂದಲ್ಲ. ಮಹಿಳೆಯರ ಮೊದಲ ವಿಶ್ವಕಪ್ ಅಲ್ಲೇ ನಡೆದದ್ದು, 1973ರಲ್ಲಿ, ಗಂಡಸರದ್ದಕ್ಕಿಂತ ಎರಡು ವರ್ಷ ಮೊದಲು! ಆದರೂ ದೇಶಕ್ಕೆ ಆಡುವ 18 ಮಂದಿಗೆ ಪೂರ್ಣಾವಧಿ ಕರಾರು ಸಿಕ್ಕಿದ್ದು 2014ರಲ್ಲಿ. ಸ್ಮೃತಿ 2018ರಲ್ಲಿ ವೆಸ್ಟರ್ನ್ ಸ್ಟಾರ್ಮ್ ತಂಡಕ್ಕೆ ಹೋಗಿ 421 ರನ್ ಹೊಡೆದು ಎಲ್ಲರಿಗಿಂತ ಮುಂದೆ ನಿಂತದ್ದು ಅಲ್ಲಿನ ಒಂದು ಸಣ್ಣ ಬೇಸಿಗೆ ಲೀಗಿನಲ್ಲಿ. ನಿಜವಾದ ಬದಲಾವಣೆ ಬಂದದ್ದು 2020ರಲ್ಲಿ. ಎಂಟು ಪ್ರಾದೇಶಿಕ ತಂಡ ಕಟ್ಟಿ, ಆ ವರ್ಷದ ಕೊನೆಗೆ 41 ಆಟಗಾರ್ತಿಯರಿಗೆ ಪೂರ್ಣಾವಧಿ ಕರಾರು ಕೊಟ್ಟರು. ದೇಶದ ತಂಡದಲ್ಲಿ ಇಲ್ಲದವರಿಗೆ ಎಂಬುದನ್ನು ಗಮನಿಸಿ. 2025ರಿಂದ ಸರ್ರೆ, ಡರಂ, ಸಾಮರ್ಸೆಟ್‌ನಂಥ ಎಂಟು ಕೌಂಟಿಗಳೇ ಮೇಲಿನ ದರ್ಜೆಯ ತಂಡಗಳನ್ನು ನಡೆಸತೊಡಗಿದವು. ಹೊಸಬಳ ಕನಿಷ್ಠ ಸಂಬಳ ಹೊಸ ಹುಡುಗನದಕ್ಕೆ ಸಮ ಎಂದಾಯಿತು. ಅಂದರೆ ದೇಶಕ್ಕೆ ಎಂದೂ ಆಡದ, ನಾವು ನೀವು ಹೆಸರೂ ಕೇಳದ ಒಬ್ಬ ಸಾಧಾರಣ ಬೌಲರ್ ಅಲ್ಲಿ ನಮ್ಮ ಬ್ಯಾಂಕಿನ ಗುಮಾಸ್ತೆಯ ಹಾಗೆ ತಿಂಗಳ ಸಂಬಳ ಎಣಿಸುತ್ತಾಳೆ.

ಇದನ್ನು ಎದುರು ಮನೆಯಾಕೆಗೆ ಹೇಳಿದಾಗ ಅವರು ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ, "ಅಲ್ಲಿ ಸದಾ ಮಳೆಯಂತಲ್ಲಾ ಅಕ್ಕಾ, ಆಟ ನಿಂತ ದಿನಾನೂ ಕೊಡ್ತಾರಾ?" ಎಂದರು. ಕೊಡುತ್ತಾರೆ ಎಂದೆ. "ಹಂಗಾದ್ರೆ ಅದು ಕೆಲಸ ಬಿಡಿ."

ನನ್ನ ಉತ್ತರವನ್ನೂ ಹೇಳಿದೆ. ಎರಡು ವರ್ಷ ಆಡಲಿ, ಜೊತೆಗೆ ಪರೀಕ್ಷೆಯೂ ಮುಗಿಯಲಿ, ರೈಲ್ವೆಯ ಕ್ರೀಡಾ ಕೋಟಾದ ಪ್ರಕಟಣೆಯ ಮೇಲೂ ಒಂದು ಕಣ್ಣಿರಲಿ ಎಂದೆ. ಹೀಗೆ ಹೇಳಬೇಕಾಯಿತಲ್ಲ ಎಂದು ನನಗೆ ಬೇಸರವೇ. ಐವತ್ತು ವರ್ಷದ ಹಿಂದೆ ಶಾಂತಾ ಹಿಡಿದ ದಾರಿಯನ್ನೇ ಈ ಹುಡುಗಿಗೂ ತೋರಿಸಿದ ಹಾಗಾಯಿತು. ಒಂದು ರಾಜ್ಯದ ತಂಡವೆಂದರೆ ಹೆಚ್ಚೆಂದರೆ ಇಪ್ಪತ್ತು ಹುಡುಗಿಯರು. ಇಪ್ಪತ್ತು ಜನರ ಹನ್ನೆರಡು ತಿಂಗಳ ಸಂಬಳ ಎಷ್ಟಾದೀತೆಂದು ಹಳೆಯ ಅಭ್ಯಾಸದಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂದೆಯೇ ಕೂಡಿಸಿ ನೋಡಿದೆ. ಹರಾಜಿನಲ್ಲಿ ಒಬ್ಬ ಹುಡುಗನಿಗೆ ಕೂಗುವ ದುಡ್ಡಿನ ಒಂದು ಮೂಲೆಗೂ ಅದು ಸಾಲದು.