ಮನೆಯಲ್ಲಿ ಎಂಜಿನ್ ಕಟ್ಟುವವರಿಗೆ ನಾಲ್ಕು ಮಾತು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎಂಜಿನ್ನಿನ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬ ಪಿಸ್ಟನ್ನು, ವಾಲ್ವುಗಳ ವಿಷಯದಲ್ಲಿ ಉಪದೇಶಕ್ಕೆ ನಿಲ್ಲುವುದು ಅಧಿಕಪ್ರಸಂಗವೆಂದೇ ತೋರೀತು. ಆದರೆ ಇಲ್ಲಿನ ಉಪದೇಶ ನನ್ನದಲ್ಲ, ನಮ್ಮ ಅಪ್ಪನದು. ಬರವಣಿಗೆ ಮಾತ್ರ ನನ್ನದು. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಮೂವತ್ತು ವರ್ಷ ಕಾರುಗಳ ರಿಪೇರಿ ಮಾಡಿದವರು. ತಾವು ಬಲ್ಲದ್ದರಲ್ಲಿ ಒಂದಕ್ಷರವನ್ನೂ ಬರೆದಿಟ್ಟವರಲ್ಲ.

ಮೊದಲು ‘ಕಟ್ಟುವುದು’ ಎಂಬ ಮಾತಿನ ಅರ್ಥ ತಿಳಿಯಬೇಕು. ಕಬ್ಬಿಣ ಕರಗಿಸಿ ಎರಕ ಹೊಯ್ದು ಹೊಸ ಎಂಜಿನ್ನನ್ನು ಮಾಡುವುದು ಒಂದು. ಹಳೆಯದನ್ನು ಬಿಚ್ಚಿ, ತೊಳೆದು, ಸವೆದುದನ್ನು ಬದಲಾಯಿಸಿ ಮತ್ತೆ ಜೋಡಿಸುವುದು ಇನ್ನೊಂದು. ಗ್ಯಾರೇಜಿನವರು ಕಟ್ಟುವುದು ಎನ್ನುವುದು ಈ ಎರಡನೆಯದನ್ನು. ಮೊದಲನೆಯದನ್ನು ಮನೆಯಲ್ಲಿ ಮಾಡಿದವರು ಇಲ್ಲವೆಂದಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ಪೆಟ್ರೋಲ್ ಎಂಜಿನ್ನನ್ನು 1893ರ ಕ್ರಿಸ್‌ಮಸ್ ಮುನ್ನಾ ದಿನ ಅಡಿಗೆಮನೆಯ ಪಾತ್ರೆ ತೊಳೆಯುವ ತೊಟ್ಟಿಗೆ ಬಿಗಿದು ಓಡಿಸಿ ನೋಡಿದ. ಒಂದು ಕೊಳವೆಯ ತುಂಡು ಅದರ ಸಿಲಿಂಡರು. ಹಳೆಯ ಲೇತಿನ ಚಕ್ರ ಅದರ ಫ್ಲೈವೀಲು. ಕಿಡಿಗೆ ಮನೆಯ ವಿದ್ಯುತ್ತು. ಹಬ್ಬದ ಅಡಿಗೆಯ ನಡುವೆ ಹೆಂಡತಿ ಕ್ಲಾರಾ ಪೆಟ್ರೋಲನ್ನು ಹನಿಹನಿಯಾಗಿ ಬಿಡುತ್ತಿದ್ದಳಂತೆ. ಆಗ ಅವರ ಕೂಸಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಈ ಕಥೆಯನ್ನು ನಮ್ಮ ಅಮ್ಮನಿಗೆ ಹೇಳಿದಾಗ ಆಕೆ ಫೋರ್ಡನನ್ನು ಹೊಗಳಲಿಲ್ಲ. “ಆ ಹೆಣ್ಣುಮಗಳ ತಾಳ್ಮೆ ದೊಡ್ಡದು” ಎಂದಳು.

ಅಮ್ಮ ಹಾಗೆ ಹೇಳಲು ಕಾರಣವಿತ್ತು. ರಸ್ತೆ ಅಗಲ ಮಾಡುವಾಗ ಅಪ್ಪನ ಶೆಡ್ಡು ಹೋಯಿತು. ಸಾಮಾನುಗಳೆಲ್ಲ ಅಕ್ಕಿಚೀಲಗಳಲ್ಲಿ ತುಂಬಿ ಮನೆಯ ಹಿತ್ತಿಲಿಗೆ ಬಂದವು. ಅಪ್ಪ ಎಂಟು ತಿಂಗಳು ಜಗುಲಿಯ ಮೇಲೆ ಸುಮ್ಮನೆ ಕುಳಿತರು. ಕಣ್ಣೂ ಮಂದವಾಗಿತ್ತು. “ಇನ್ನು ಈ ಕೈಯಿಂದ ಆಗೋದಿಲ್ಲ” ಎಂಬ ಮಾತು ಅವರ ಬಾಯಲ್ಲಿ ಮೊದಲ ಬಾರಿಗೆ ಕೇಳಿತು. ಹೀಗಿರುವಾಗ ಹಳೆಯ ಮಾರುತಿ 800 ಒಂದು ಅಗ್ಗಕ್ಕೆ ಸಿಕ್ಕಿತು. ಎಂಜಿನ್ ಹೊಗೆ ಕಾರುತ್ತಿತ್ತು. ಅದನ್ನು ಮನೆಯಲ್ಲೇ ಕಟ್ಟಿದರೆ ಗಾಡಿ ಮಾರಿ ತಂಗಿಯ ಫೀಜು ಕಟ್ಟಬಹುದು. ಕಟ್ಟಲಾಗದಿದ್ದರೆ ಹಣವೂ ಹೋಯಿತು, ಅಪ್ಪನ ಧೈರ್ಯವೂ ಹೋಯಿತು. ರಜೆಯಲ್ಲಿ ಕೆಲಸ ಆರಂಭಿಸಿದೆವು.

ಅಪ್ಪನ ಮೊದಲ ಸೂತ್ರ: ಬಿಚ್ಚುವವನು ಅವಸರಪಡಬಾರದು. ಒಂದೊಂದು ಭಾಗದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಬೇಕು. ಬೇರಿಂಗಿನ ಕ್ಯಾಪುಗಳಿಗೆ ಗುರುತು ಹಾಕಬೇಕು. ಒಂದರದ್ದು ಇನ್ನೊಂದಕ್ಕೆ ಸಲ್ಲದು, ತಿರುಗುಮುರುಗಾಗಿಯೂ ಕೂರಿಸಬಾರದು. ಹಿಂದೆ ಇವೆಲ್ಲ ಅಪ್ಪನ ನೆನಪಿನಲ್ಲಿರುತ್ತಿದ್ದವು. ಈಗ ಚೀಟಿ ಬರೆಯುವುದು ನನ್ನ ಪಾಲಿಗೆ ಬಂತು.

ಎರಡನೆಯದು ಅಳತೆ. ಈ ಎಂಜಿನ್ನಿಗೆ ಮೂರು ಸಿಲಿಂಡರು. ಒಳವ್ಯಾಸ 68.5 ಮಿಲಿಮೀಟರು, ಪಿಸ್ಟನ್ನಿನ ಓಟ 72 ಮಿಲಿಮೀಟರು. ಹೈಸ್ಕೂಲಿನ ಗಣಿತದಿಂದಲೇ ಗುಣಿಸಿ ನೋಡಿ: ಒಟ್ಟು 796 ಘನ ಸೆಂಟಿಮೀಟರು ಬರುತ್ತದೆ. ಹೆಸರು ಮಾತ್ರ 800! ಸಿಲಿಂಡರು ಸವೆದಿದ್ದರೆ ಲೇತಿನವರಲ್ಲಿ ಕಾಲು ಮಿಲಿಮೀಟರು ಹಿಗ್ಗಿಸಿ ಬೋರ್ ಮಾಡಿಸಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಹಾಕಬೇಕು. ಆಗ ಲೆಕ್ಕ ಸುಮಾರು 802ಕ್ಕೆ ಬರುತ್ತದೆ. ಸವೆದು, ಕೊರೆಸಿಕೊಂಡ ಮೇಲೆಯೇ ಈ ಕಾರು ತನ್ನ ಹೆಸರಿಗೆ ಯೋಗ್ಯವಾಗುವುದೆಂದು ಹೇಳಿದಾಗ ಅಪ್ಪ ನಕ್ಕರು. ಎಂಟು ತಿಂಗಳ ಮೇಲೆ ಕಂಡ ನಗು ಅದು. ಈ ಕೊರೆಯುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸವೂ ಅಲ್ಲಿ ದೊಡ್ಡದು.

ಮೂರನೆಯದು ಜೋಡಣೆ. ಪಿಸ್ಟನ್ನಿನ ರಿಂಗುಗಳ ಬಾಯಿಗಳು ಒಂದರ ಮೇಲೊಂದು ಒಂದೇ ಸಾಲಿಗೆ ಬರಬಾರದು. ಬಂದರೆ ಒತ್ತಡ ಆ ದಾರಿಯಲ್ಲೇ ಸೋರಿಹೋಗುತ್ತದೆ. ವಾಲ್ವುಗಳನ್ನು ಪೇಸ್ಟು ಹಚ್ಚಿ ಅವುಗಳ ಸೀಟಿಗೆ ಉಜ್ಜಿದ ಮೇಲೆ ಹೆಡ್ಡನ್ನು ಮಗುಚಿ ಡೀಸೆಲ್ ಸುರಿದಿಡಿ. ಒಂದು ಹನಿಯೂ ಕೆಳಗಿಳಿಯದಿದ್ದರೆ ಸರಿ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಪುಸ್ತಕ ಹೇಳಿದಷ್ಟೇ ಬಿಗಿಯಬೇಕು. ಪುಸ್ತಕವಿದ್ದುದು ಇಂಗ್ಲಿಷಿನಲ್ಲಿ. ನಾನು ಓದಿ ಕನ್ನಡದಲ್ಲಿ ಹೇಳುವುದು, ಅಪ್ಪ ಮಾಡುವುದು. ಫೀಲರ್ ಗೇಜಿನ ಅಂಕಿ ಅವರಿಗೆ ಕಾಣದು. “ಲೋ, ಆ ನಂಬರ್ ಓದು” ಎನ್ನುತ್ತಿದ್ದರು. ನಾನು ಓದುವ ಮೊದಲೇ ತಗಡನ್ನು ಬೆರಳಿನ ನಡುವೆ ಜಾರಿಸಿ ಇಂಥದ್ದೇ ಎಂದು ಹೇಳಿ, ನನ್ನ ಬಾಯಿಂದ ಅದನ್ನೇ ಕೇಳಿ ತಲೆದೂಗುತ್ತಿದ್ದರು. ಕಣ್ಣು ಹೋಗಿದ್ದರೂ ಬೆರಳು ಹೋಗಿರಲಿಲ್ಲ. ಅದನ್ನು ಅವರಿಗೆ ತೋರಿಸಿಕೊಟ್ಟದ್ದು ಆ ಪುಸ್ತಕವೇ.

ನಾಲ್ಕನೆಯದು ಹೊತ್ತು ಹೊಂದಿಸುವುದು. ಹೀರುವುದು, ಒತ್ತುವುದು, ಉರಿಯುವುದು, ಹೊರದಬ್ಬುವುದು, ಈ ನಾಲ್ಕು ಹೆಜ್ಜೆಯ ಎಂಜಿನ್ನನ್ನು ಜರ್ಮನಿಯ ನಿಕೋಲಸ್ ಓಟೊ 1876ರಲ್ಲಿ ನಡೆಸಿ ತೋರಿಸಿದ. ನಾಲ್ಕು ಹೆಜ್ಜೆ ಮುಗಿಯುವಷ್ಟರಲ್ಲಿ ಕ್ರ್ಯಾಂಕು ಎರಡು ಸುತ್ತು, ವಾಲ್ವುಗಳನ್ನು ತೆರೆಯುವ ಕ್ಯಾಮು ಒಂದು ಸುತ್ತು ತಿರುಗುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ಓಡುವಾಗ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ ಇಪ್ಪತ್ತೈದು ಸಲ ಕಿಡಿ ಹಾರಬೇಕು. ಆದ್ದರಿಂದ ಬೆಲ್ಟು ಕೂರಿಸುವಾಗ ಗುರುತಿಗೆ ಗುರುತು ಸೇರಬೇಕು. ಸೇರಿಸಿದ ಮೇಲೆ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ತಡೆದರೆ ಬಲವಂತ ಮಾಡಬೇಡಿ. ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಲ್ಲ ಕೆಲಸವೂ ಹಾಳಾಗುತ್ತದೆ.

ಎಚ್ಚರಿಕೆಯ ಮಾತುಗಳು ಮೂರು. ಹಗ್ಗದಲ್ಲಿ ತೂಗುವ ಎಂಜಿನ್ನಿನ ಕೆಳಗೆ ಕೈ ಕಾಲು ಇಡಬಾರದು. ಒಲೆಯ ಸಮೀಪ ಪೆಟ್ರೋಲಿನಿಂದ ಸಾಮಾನು ತೊಳೆಯಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಪ್ರಾಣ ತೆಗೆಯುವ ಶಕ್ತಿ ಮಾತ್ರ ಇದೆ. ಇನ್ನು ಬೇರೆ ಗಾಡಿಯ ಎಂಜಿನ್ನನ್ನು ತಂದು ಕೂರಿಸುವವರು 1988ರ ಮೋಟಾರು ವಾಹನ ಕಾಯಿದೆಯನ್ನು ಮರೆಯಬಾರದು. ನೋಂದಣಿ ಪತ್ರದಲ್ಲಿ ಎಂಜಿನ್ನಿನ ಸಂಖ್ಯೆಯೂ ಇರುತ್ತದೆ.

ಹತ್ತೊಂಬತ್ತನೆಯ ದಿನ ಸಂಜೆ ಎಣ್ಣೆ, ನೀರು ತುಂಬಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಣ್ಣೆಯ ಕೆಂಪು ದೀಪ ಆರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿದೆವು. ಹೊಸ ಬೇರಿಂಗು ಒಣಗಿದ್ದಾಗ ಓಡಬಾರದೆಂಬುದು ಅಪ್ಪನ ನಿಯಮ. ಮತ್ತೆ ಪ್ಲಗ್ಗು ಹಾಕಿ ಬೀಗದಕೈ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಅಪ್ಪ ಏನೂ ಮಾತಾಡಲಿಲ್ಲ. ಒಂದು ಪಾನಾದ ತುದಿಯನ್ನು ಎಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಹಿಡಿದು ವೈದ್ಯರಂತೆ ಬಹಳ ಹೊತ್ತು ನಿಂತರು. ಅಮ್ಮ ಬಾಗಿಲಿಗೆ ಬಂದು, “ಏನಂತೆ?” ಎಂದಳು. “ಚೆನ್ನಾಗಿದೆ” ಎಂದರು.

ಗಾಡಿ ಮಾರಿತು, ತಂಗಿಯ ಫೀಜು ಕಟ್ಟಿದ್ದಾಯಿತು. ಅದಕ್ಕಿಂತ ಹೆಚ್ಚಿನದು, ಅಪ್ಪ ಹಿತ್ತಿಲಿಗೆ ತಗಡು ಹೊದಿಸಿ ಕೆಲಸಕ್ಕೆ ನಿಂತದ್ದು. ಬೋರ್ಡು ಬರೆಯುವ ಕೆಲಸ ನನಗೇ ಬಂತು. ಅವರ ಹೆಸರಿನ ಮುಂದೆ ‘ಮತ್ತು ಮಗ’ ಎಂದು ಸೇರಿಸಲು ಹೋದೆ. ಅಪ್ಪ ಕೈ ಹಿಡಿದರು. “ಬೇಡ ಕಣಪ್ಪ. ನಿನ್ನ ಹೆಸರು ಕಾಲೇಜಿನ ಪಟ್ಟಿಯಲ್ಲಿ ಬರಲಿ. ಸಂಜೆ ಹೊತ್ತು ಬಂದು ನಂಬರ್ ಓದು, ಸಾಕು” ಎಂದರು. ನಮ್ಮ ವಂಶದಲ್ಲಿ ಪದವಿಯ ಮುಖ ಕಾಣಲಿರುವ ಮೊದಲಿಗ ನಾನು. ಅದಕ್ಕಾಗಿ ಅವರು ಎಷ್ಟು ಎಂಜಿನ್ ಕಟ್ಟಿದ್ದಾರೆಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಸಂಜೆಗಳಲ್ಲಿ ಈಗ ನಂಬರು ಓದುವುದರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಅಪ್ಪನ ಮಾತುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಮೂವತ್ತಾರು ಪುಟ ತುಂಬಿದೆ. ಮಿತ್ರರೇ, ನಿಮ್ಮ ಮನೆಯಲ್ಲಿ ಎಂಜಿನ್ ಇಲ್ಲದಿರಬಹುದು. ಮಗ್ಗವಿರಬಹುದು, ಕುಲುಮೆಯಿರಬಹುದು, ನೇಗಿಲಿರಬಹುದು. ಅದನ್ನು ಕೈಯಿಂದ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಈ ಪರೀಕ್ಷೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಅಕ್ಷರ ಕಲಿತವರು ಮನೆಗೆ ಮಾಡಬಹುದಾದ ಉಪಕಾರ ಇದಕ್ಕಿಂತ ಹತ್ತಿರದ್ದು ನನಗೆ ಬೇರೆ ತೋರಲಿಲ್ಲ.