ಕಿಟ್ಟದ ಲೆಕ್ಕ

ನಾಲತವಾಡದ ಬಜಾರಿನ ಅಂಚಿಗೆ, ಬೇವಿನ ಗಿಡದ ನೆರಳಿಗೆ, ಸುಗ್ಗಿ ಮುಗಿದ ಮೇಲೆ ಎರಕದವರ ಸಂಸಾರವೊಂದು ಬಂದು ಬೀಡುಬಿಟ್ಟಿತ್ತು. ನೆಲದಲ್ಲಿ ಮೊಳದಾಳದ ಕುಣಿ, ಅದರ ತುಂಬ ಇದ್ದಿಲು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರ, ಕೆಂಡದ ಮೇಲೊಂದು ಕಬ್ಬಿಣದ ಮೂಸೆ. ಇಷ್ಟೇ ಅವರ ಕಾರ್ಖಾನೆ. ಒಡೆದ ಜರ್ಮನ್ ಪಾತ್ರೆ ಕೊಟ್ಟರೆ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಪಡ್ಡಿನ ಹಂಚನ್ನೋ ಕಡಾಯಿಯನ್ನೋ ಮಾಡಿಕೊಡುತ್ತಾರೆ. ಜರ್ಮನ್ ಎಂದರೆ ಈ ಭಾಗದ ಹೆಂಗಸರ ಬಾಯಲ್ಲಿ ಅಲ್ಯುಮಿನಿಯಂ.

ಅಜ್ಜಿಯೊಬ್ಬಳು ಮೊಮ್ಮಗನ ತಲೆಯ ಮೇಲೆ ಗಂಟು ಹೊರಿಸಿಕೊಂಡು ಬಂದಳು. ತೂತು ಬಿದ್ದ ಬೋಗುಣಿಗಳು, ಹಿಡಿಕೆ ಮುರಿದ ಕುಕ್ಕರ್, ನೆಗ್ಗಿದ ತಾಟು. ಎರಕದವನು ಹಿಡಿಕೆಯ ಕಬ್ಬಿಣದ ಮೊಳೆಗಳನ್ನೆಲ್ಲ ಕಿತ್ತು ಹಾಕಿ ತೂಗಿದ. ಸರಿಯಾಗಿ 3 ಕಿಲೋ. ಗಂಟಿನಲ್ಲಿ ಮೋಟಾರಿನದೊಂದು ಬಿಡಿಭಾಗವೂ ಇತ್ತು. ಅದನ್ನು ಮಾತ್ರ ಪಕ್ಕಕ್ಕಿಟ್ಟು, ‘ಗಾಡಿ ಮಾಲು ಅಡಗಿಗೆ ಬ್ಯಾಡವ್ವಾ’ ಎಂದ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಮಾತು ಸರಿಯಾದದ್ದು. ಗುಜರಿಯ ಇಂಥ ಲೋಹದಲ್ಲಿ ಸೀಸ ಬೆರೆತಿರಬಹುದು. ಅಂಥದ್ದರಿಂದ ಮಾಡಿದ ಪಾತ್ರೆಯಿಂದ ಸೀಸ ಅಡುಗೆಗೆ ಇಳಿದು, ಎಳೆಯ ಮಕ್ಕಳ ಮಿದುಳಿಗೆ ಕೇಡು ಮಾಡುತ್ತದೆ.

ಪಾತ್ರೆಗಳನ್ನು ಅವನು ಒಮ್ಮೆಲೇ ಮೂಸೆಗೆ ಎಸೆಯಲಿಲ್ಲ. ಒಂದೊಂದಾಗಿ ಕುಣಿಯ ಅಂಚಿಗಿಟ್ಟು ಕಾಯಿಸಿದ. ಕರಗಿದ ಲೋಹದೊಳಗೆ ಒಂದು ಹನಿ ನೀರು ಸಿಕ್ಕರೂ ಅದು ತಟ್ಟನೆ ಉಗಿಯಾಗಿ ಸಾವಿರ ಪಟ್ಟಿಗೂ ಮೀರಿ ಹಿಗ್ಗುತ್ತದೆ; ಲೋಹ ನಾಲ್ಕೂ ಕಡೆ ಸಿಡಿಯುತ್ತದೆ. ಸುತ್ತ ನೆರೆದ ಹುಡುಗರನ್ನು ಅವನು ಮತ್ತೆ ಮತ್ತೆ ಗದರಿಸಿ ಹಿಂದೆ ಸರಿಸುತ್ತಿದ್ದುದು ಸುಮ್ಮನೆ ಅಲ್ಲ.

660 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಲ್ಯುಮಿನಿಯಂ ನೀರಾಗುತ್ತದೆ. ಮೂಸೆಯಲ್ಲಿ ಅದು ಕನ್ನಡಿಯ ಹಾಗೆ ಹೊಳೆದದ್ದು ಒಂದೇ ಗಳಿಗೆ. ಮರುಗಳಿಗೆಗೆ ಕಾದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಬೂದು ಬಣ್ಣದ ಪೊರೆ ಹಬ್ಬಿತು. ಅದೇ ಕಿಟ್ಟ. ಗಾಳಿಯ ಆಮ್ಲಜನಕ ಲೋಹದ ಜೊತೆ ಸೇರಿ ಆದ ಅಲ್ಯುಮಿನಿಯಂ ಆಕ್ಸೈಡ್. ಇದು ಕರಗಬೇಕಾದರೆ 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಇದ್ದಿಲ ಕುಣಿಯಲ್ಲಿ ಅದು ಆಗದ ಮಾತು. ಅವನು ಉದ್ದ ಹಿಡಿಕೆಯ ಸವಟಿನಿಂದ ಮೆಲ್ಲನೆ ಪೊರೆಯನ್ನು ಬದಿಗೆ ಎಳೆದು ತೆಗೆದ. ಕೆಳಗೆ ಮತ್ತೆ ಕನ್ನಡಿ, ಮತ್ತೆ ಪೊರೆ. ಎಷ್ಟು ಕಲಕಿದರೆ ಅಷ್ಟು ಕಿಟ್ಟ.

ಹಾಲಿನ ಕೆನೆ ಹಗುರ, ಅದಕ್ಕೇ ತೇಲುತ್ತದೆ. ಈ ಆಕ್ಸೈಡ್ ಹಾಗಲ್ಲ. ಒಂದು ಘನ ಸೆಂಟಿಮೀಟರ್ ಕರಗಿದ ಅಲ್ಯುಮಿನಿಯಂ ಸುಮಾರು 2.4 ಗ್ರಾಂ ತೂಗಿದರೆ ಆಕ್ಸೈಡ್ 4 ಗ್ರಾಂ ಹತ್ತಿರ ತೂಗುತ್ತದೆ. ನ್ಯಾಯವಾಗಿ ಅದು ಮುಳುಗಬೇಕು. ಆದರೆ ಪೊರೆಯ ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಮೇಲ್ಮೈ ಎಳೆತವೂ ಅದನ್ನು ಹಿಡಿದಿರುತ್ತದೆ. ಹಾಗಾಗಿ ಮೇಲೆಯೇ ನಿಲ್ಲುತ್ತದೆ. ಅವಸರದಲ್ಲಿ ಪೊರೆ ಹರಿದು ಚೂರೊಂದು ಒಳಗಿಳಿದರೆ ಅದು ಅಚ್ಚಿಗೂ ಹೋಗುತ್ತದೆ. ಹೊಸ ಪಾತ್ರೆ ಅಲ್ಲಿಯೇ ಸೀಳುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕರಗಿದ ಕಬ್ಬಿಣದ ಮೇಲಿನ ಕಿಟ್ಟವನ್ನು ಬಳಿದು ತೆಗೆಯುವುದು ದಿನನಿತ್ಯದ ಕೆಲಸ. ಉಳಿದದ್ದನ್ನು ತಡೆಯಲು ಎರಕದ ಹಾದಿಯಲ್ಲಿ ಪಿಂಗಾಣಿಯ ಜರಡಿ ಇಡುವ ಪದ್ಧತಿಯೂ ಈಗ ಇದೆ. ವಿಜಯಪುರದ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ನೋಡಿದವರು ಇದನ್ನು ನೆನೆಯಬಹುದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ಕಂಚಿನ ರಾಶಿ ಸುಮಾರು 55 ಟನ್. 3 ಕಿಲೋ ಕಾಯುವುದೇ ಇಷ್ಟು ನಾಜೂಕಾದರೆ, ಅಷ್ಟು ಲೋಹವನ್ನು ಕಾದು ನಿಂತವರ ಎದೆ ಹೇಗೆ ಬಡಿದುಕೊಂಡಿರಬೇಕು! 1854ರಲ್ಲಿ ಆ ತೋಪನ್ನು 150 ರೂಪಾಯಿಗೆ ಹರಾಜು ಕೂಗಿ, ಆಮೇಲೆ ರದ್ದು ಮಾಡಿದರು. ಗುಜರಿಯವನ ಕುಲುಮೆಯಿಂದ ಅದು ಕೂದಲೆಳೆಯಲ್ಲಿ ಪಾರಾಯಿತು.

ಇರಲಿ. ಹಂಚು ಆಯಿತು. ಉಳಿದ ಲೋಹದ ಗಟ್ಟಿಯನ್ನೂ ಸೇರಿಸಿ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದರೆ 2 ಕಿಲೋ 650 ಗ್ರಾಂ.

ಅಜ್ಜಿಯ ಮುಖ ಬಿಗಿಯಿತು. ಹತ್ತನೆಯ ಇಯತ್ತೆಯ ಮೊಮ್ಮಗ ಮುಂದೆ ಬಂದ. ದ್ರವ್ಯರಾಶಿ ಸಂರಕ್ಷಣೆಯ ನಿಯಮ ಅವನಿಗೆ ಬಾಯಿಪಾಠ. ‘ಅಣ್ಣಾ, ಮೂರು ಕಿಲೋ ಕೊಟ್ಟೀವಿ, ಮೂರು ಕಿಲೋ ಬರಬೇಕಲ್ಲ? ಮುನ್ನೂರೈವತ್ತು ಗ್ರಾಂ ಎಲ್ಲಿ ಹೋತು?’ ಎಂದ. ನಾಲ್ಕು ಜನ ಸೇರಿದರು. ‘ಇವರದು ಯಾವಾಗ್ಲೂ ಹಿಂಗ’ ಎಂದು ಯಾರೋ ಹಿಂದಿನಿಂದ ಕೂಗಿದರು. ಗಾಳಿಯಂತ್ರ ತಿರುಗಿಸುತ್ತಿದ್ದ ಎರಕದವನ ಹೆಂಡತಿ ಕೈ ನಿಲ್ಲಿಸಿ ತಲೆ ತಗ್ಗಿಸಿದಳು. ಊರೂರು ತಿರುಗುವವರಿಗೆ ಕಳ್ಳನೆಂಬ ಹೆಸರು ಒಂದು ಊರಿನಲ್ಲಿ ಬಂದರೆ ಮುಂದಿನ ಊರಿಗೆ ಅವರಿಗಿಂತ ಮೊದಲೇ ಮುಟ್ಟುತ್ತದೆ.

ಎರಕದವನು ಜಗಳಕ್ಕೆ ನಿಲ್ಲಲಿಲ್ಲ. ‘ತಮ್ಮಾ, ನಾ ಏನ್ ಜರ್ಮನ್ ತಿಂತೀನೇನು? ಇದನ್ನೂ ತೂಗು’ ಎಂದು ತಣ್ಣಗಾದ ಕಿಟ್ಟವನ್ನು ಒಂದು ಬುಟ್ಟಿಯಲ್ಲಿ ಕೊಟ್ಟ. ಬುಟ್ಟಿಯ ತೂಕ ಕಳೆದು 400 ಗ್ರಾಂ.

ಹುಡುಗ ಕೂಡಿಸಿದ. 3 ಕಿಲೋ 50 ಗ್ರಾಂ! ತಕ್ಕಡಿ ಕೆಟ್ಟಿದೆಯೆಂದು ಮತ್ತೆ ತೂಗಿದ. ಅಷ್ಟೇ ಬಂತು. ಕಳ್ಳತನವಾಗಿದೆ ಎಂದವನ ಲೆಕ್ಕದಲ್ಲಿ ಈಗ 50 ಗ್ರಾಂ ಹೆಚ್ಚಿಗೆ. ಮಸಿ, ಜಿಡ್ಡು ಹೊಗೆಯಾಗಿ ಹೋದದ್ದು ಬೇರೆ.

ಈ ಗೊಂದಲ ಅವನೊಬ್ಬನದಲ್ಲ. ಲೋಹ ಕಾಯಿಸಿದಾಗ ಅದರಿಂದ ‘ಫ್ಲಾಜಿಸ್ಟನ್’ ಎಂಬುದೊಂದು ಹೊರಗೆ ಹೋಗುತ್ತದೆಂದು ಯುರೋಪಿನ ಪಂಡಿತರು ಬಹುಕಾಲ ನಂಬಿದ್ದರು. ಹೊರಗೆ ಹೋದರೆ ತೂಕ ಇಳಿಯಬೇಕು, ಏರುತ್ತಿತ್ತು. 1774ರಲ್ಲಿ ಫ್ರಾನ್ಸಿನ ಲವಾಸಿಯೆ ತವರವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕಾಯಿಸಿ ತೂಗಿದ. ಪಾತ್ರೆ ತೆರೆಯುವವರೆಗೆ ಒಟ್ಟು ತೂಕ ಬದಲಾಗಲಿಲ್ಲ. ತೆರೆದಾಗ ಗಾಳಿ ಒಳಗೆ ನುಗ್ಗಿತು. ಲೋಹ ಗಾಳಿಯ ಒಂದು ಪಾಲನ್ನು ತಾನೇ ಹೀರಿಕೊಂಡಿತ್ತು. 54 ಗ್ರಾಂ ಅಲ್ಯುಮಿನಿಯಂ 48 ಗ್ರಾಂ ಆಮ್ಲಜನಕ ಸೇರಿಸಿಕೊಂಡು 102 ಗ್ರಾಂ ಆಕ್ಸೈಡ್ ಆಗುತ್ತದೆಂದು ಹುಡುಗ ಪರೀಕ್ಷೆಯಲ್ಲಿ ಬರೆದಿರಲೂಬಹುದು. ಆದರೆ ಪುಸ್ತಕದ ಸಮೀಕರಣದಲ್ಲಿ ಎಡಗಡೆ ಕುಳಿತ ಆಮ್ಲಜನಕ ಬೇವಿನ ಗಿಡದ ಕೆಳಗೂ ಇದೆಯೆಂದು ಅವನಿಗೆ ಹೊಳೆದಿರಲಿಲ್ಲ.

ಹೊಳೆದ ಮೇಲೆ ಅವನ ಮುಖ ಸಣ್ಣದಾಯಿತು. ‘ತಪ್ಪಾತು, ಅಣ್ಣಾ’ ಎಂದ. ಅಷ್ಟು ಹೊತ್ತು ಕೂಗಾಡಿದವರು ಒಬ್ಬೊಬ್ಬರೇ ಚದುರಿದ್ದರು.

ಅಜ್ಜಿ ಮಾತ್ರ ಕದಲಲಿಲ್ಲ. ಬುಟ್ಟಿಯ ಕಿಟ್ಟದಲ್ಲಿ ಅಲ್ಲಲ್ಲಿ ಹೊಳೆಯುವ ಕಾಳುಗಳನ್ನು ಅವಳ ಕಣ್ಣು ಹಿಡಿದಿತ್ತು. ‘ಇದರಾಗ ಇನ್ನೂ ಜರ್ಮನ್ ಐತಲ್ಲೋ?’ ಎಂದಳು. ನಿಜವೇ. ಪೊರೆಯ ಜೊತೆ ಒಳ್ಳೆಯ ಲೋಹವೂ ಅಂಟಿಕೊಂಡು ಬರುತ್ತದೆ. ಕಿಟ್ಟ ಕೂಡಿಟ್ಟು ಅದನ್ನು ಬೇರ್ಪಡಿಸುವ ಕಾರ್ಖಾನೆಗಳೇ ಇವೆ. ಎರಕದವನು ನಕ್ಕ. ‘ಐತಿ ಯವ್ವಾ. ಕಿಟ್ಟಾ ನಂದು ಅನ್ನೂದು ಮೊದಲಿನಿಂದ ನಡಕೊಂಡು ಬಂದೈತಿ.’ ‘ಹಂಗಾದ್ರ ಮಜೂರಿಯಾಗ ಹತ್ತು ರೂಪಾಯಿ ಕಡಿಮಿ ಮಾಡು.’ ಅವನು ಹೆಂಡತಿಯ ಮುಖ ನೋಡಿದ. ಅವಳು ಗಾಳಿಯಂತ್ರದ ಹಿಡಿಕೆಗೆ ಮತ್ತೆ ಕೈ ಹಾಕಿ, ಹೂಂ ಎಂಬಂತೆ ತಲೆಯಾಡಿಸಿದಳು.

ಹುಡುಗ ಒಂದು ಚಿಟಿಕೆ ಕಿಟ್ಟವನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದ. ಸಂಜೆ ಅಂಗಳದಲ್ಲಿ ಅದಕ್ಕೆ ನೀರು ಹನಿಸಿದಾಗ ಮೂಗಿಗೆ ಚುರ್ರೆನ್ನುವ ಘಾಟು ಎದ್ದಿತು. ಕುಲುಮೆಯ ಕಾವಿನಲ್ಲಿ ಲೋಹ ಸಾರಜನಕವನ್ನೂ ಸ್ವಲ್ಪ ಹಿಡಿದುಕೊಂಡಿರುತ್ತದೆ. ಅದು ನೀರಿಗೆ ಅಮೋನಿಯಾ ಬಿಡುತ್ತದೆ. ಪಡ್ಡು ಹಾಕುತ್ತಿದ್ದ ಅಜ್ಜಿ ಒಳಗಿನಿಂದಲೇ ಕೂಗಿದಳು: ‘ದನದ ಕೊಟಗಿ ನಾತ ಎಲ್ಲಿಂದ ತಂದ್ಯೋ? ಮೊದಲ ಹೊರಗ ಚೆಲ್ಲು!’