ನನಗ ಯಾವ ದೋಣಿ?

ಕ್ಯಾಟಮರಾನ್ ಅಂದ್ರ ಜೋಡಿ ಒಡಲಿನ ಹಾಯಿದೋಣಿ. ಪಂದ್ಯಕ್ಕ ನಂದ ಅಂತ ಒಂದು ತಗೋಬೇಕಂತ ಇಲ್ಲೆ ಆಸ್ಟ್ರೇಲಿಯಾಕ್ಕ ಬಂದಾಗಿಂದ ರೊಕ್ಕ ಕೂಡಿಸಿಟ್ಟಿದ್ದೆ. ಮನಸ್ಸು ಇದ್ದದ್ದು ಎ-ಕ್ಲಾಸ್ ಮ್ಯಾಲೆ. ಒಬ್ಬರ ನಡಸೂ ದೋಣಿ, ತೂಕ 75 ಕೆಜಿ ಆಸುಪಾಸು. ಯಾರನ್ನೂ ಕರೀದ ದಂಡಿಗೆ ಎಳಕೋಬಹುದು. ಮಗಳು ಹಾಸ್ಟೆಲಿಗೆ ಹೋದಮ್ಯಾಲೆ ನನಗ ಜೋಡಿ ಆದ್ರೂ ಯಾರು?

ಆದ್ರ ನಮ್ಮ ದಂಡಿಮ್ಯಾಲೆ ಎಲ್ಲಾರದೂ ಹೋಬಿ 16. ದೋಣಿ ಒಂದ ನಮೂನಿ ಇದ್ರ ಮೊದಲು ಮುಟ್ಟಿದವರು ಗೆದ್ದರು, ಮುಗೀತು. ಬ್ಯಾರೆ ನಮೂನಿ ಒಯ್ದ್ರ ವ್ಯಾಳ್ಯಾಕ್ಕ ಗುಣಾಕಾರ, ಭಾಗಾಕಾರ ಮಾಡಿ ಆಮ್ಯಾಲೆ ಹೇಳತಾರ. ಗೆದ್ದರೂ ಕಾಗದದಾಗ! ಹೋಬಿದು ಒಂದು ಪಿನ್ ಕಳದ್ರ ಬಾಜೂದವರ ಡಬ್ಬಿಯೊಳಗ ಸಿಗತದ.

ಖರೇ ತ್ರಾಸು ಅಂದ್ರ ತೂಕ. ಹೋಬಿ 145 ಕೆಜಿ. ನೀರಾಗ ಮಗುಚಿದ್ರ ನನ್ನ 60 ಕೆಜಿಲೆ ಒಬ್ಬಾಕಿನ ನೆಟ್ಟಗ ಮಾಡೂದು ಆಗೂದಿಲ್ಲ. ಅದಕ್ಕ ಎದುರುಮನಿಯಾಕಿನ್ನ ಕೇಳಿದೆ. ಇಬ್ಬರದೂ ಕೂಡಿ 115. ಪಂದ್ಯದ ನಿಯಮಕ್ಕ 129 ಬೇಕು, ಕಡಿಮಿ ಬಿದ್ದಷ್ಟು ದೋಣಿಗೆ ಭಾರ ಹಾಕ್ಕೋಬೇಕು. ನಲವತ್ತು ದಾಟಿದಮ್ಯಾಲೆ 'ನಿಮ್ಮ ತೂಕ ಸಾಲೂದಿಲ್ಲ' ಅಂತ ಕೇಳಿದ್ದು ಇದ ಮೊದಲು ನೋಡ್ರಿ!

ಒಂದು ಹಳೇ ಹೋಬಿಗೆ ಮುಂಗಡ ಕೊಟ್ಟೀನಿ. ಆಕಿ ಈಸಾಡೂದು ಕಲೀಲಿಕ್ಕೆ ಹತ್ಯಾಳ.